ಮರೂನ್ ಸೈಕಲ್ಲೋ, ಹಸಿರು ಸೈಕಲ್ಲೋ: ಒಂದು ಮನೆಯ ಹಳೇ ಸೈಕಲ್ಲಿನ ಪ್ರಕರಣ

ಈ ಪ್ರಕರಣದಲ್ಲಿ ಸೈಕಲ್ ಒಂದು, ಹಕ್ಕುದಾರರು ಇಬ್ಬರು. ಒಬ್ಬರು ಸೈಕಲ್ ಕೊಂಡವರ ಹಿರಿಯ ಮಗ. ಇನ್ನೊಬ್ಬಳು ಕಿರಿಯ ಮಗನ ಮಗಳು. ಅವಳಿಗೆ ಅವರು ದೊಡ್ಡಪ್ಪ. ಸೈಕಲ್ ಕೊಂಡಿದ್ದ ಅಜ್ಜ ತೀರಿಕೊಂಡು ಬಹಳ ಕಾಲವಾಗಿದೆ. ಆಮೇಲೆ ಅದು ಶೆಡ್ಡಿನಲ್ಲಿ ಗೋಡೆಗೆ ಒರಗಿ ನಿಂತೇ ಇತ್ತು. ರಿಪೇರಿಗೆ ಅಂತ ನನ್ನ ಹತ್ತಿರ ತಂದಾಗ ಇಬ್ಬರೂ ಒಟ್ಟಿಗೇ ಬಂದರು. ಕೇಳಿದ್ದು ಮಾತ್ರ ಬೇರೆ ಬೇರೆ.

ದೊಡ್ಡಪ್ಪನಿಗೆ ಸೈಕಲ್ ಮೊದಲಿನ ಹಾಗೆ ಆಗಬೇಕಿತ್ತು. ಮೊದಲು ಅಂದರೆ ಅವರ ಲೆಕ್ಕದಲ್ಲಿ ಅಂಗಡಿಯಿಂದ ಮನೆಗೆ ಬಂದ ದಿನ. ಮರೂನ್ ಬಣ್ಣ, ಅದರ ಮೇಲೆ ಚಿನ್ನದ ಬಣ್ಣದ ತೆಳು ಗೆರೆ, ಮಿಂಚುವ ಹ್ಯಾಂಡಲ್. ಮೊಮ್ಮಗಳು ಕಂಡ ಸೈಕಲ್ ಹಸಿರು. ಯಾವುದೋ ವರ್ಷ ಗೇಟಿಗೆ ಹಚ್ಚಿ ಮಿಕ್ಕಿದ ಪೇಂಟನ್ನು ಅಜ್ಜ ಬ್ರಶ್ಶಿನಲ್ಲಿ ಸೈಕಲ್ಲಿಗೂ ಬಳಿದುಬಿಟ್ಟಿದ್ದರು. ಬ್ರಶ್ಶಿನ ಗೆರೆಗಳು ಇವತ್ತಿಗೂ ಕಾಣುತ್ತವೆ. ಒಂದೆರಡು ಕಡೆ ಪೇಂಟ್ ಇಳಿದು ಹನಿಯಾಗಿ ಗಟ್ಟಿಯಾಗಿದೆ.

"ಅದು ಗೇಟಿನ ಬಣ್ಣ ಕಣಮ್ಮ. ಸೈಕಲ್ಲಿನದೇ ಅಲ್ಲ" ಅಂದರು ದೊಡ್ಡಪ್ಪ.

"ಇರಬಹುದು ದೊಡ್ಡಪ್ಪ. ಆದ್ರೆ ಹಚ್ಚಿದ್ದು ಅಜ್ಜ ಅಲ್ವಾ? ನೀವು ಹೇಳೋ ಮರೂನು ಫ್ಯಾಕ್ಟರಿಯವರು ಹಚ್ಚಿದ್ದು."

ಇಬ್ಬರ ಮಾತೂ ಸರಿಯೇ. ಅದಕ್ಕೇ ಈ ಕೆಲಸವನ್ನು ಬರೆದಿಡಬೇಕು ಅನ್ನಿಸಿತು. ಹಳೇ ಸೈಕಲ್ ಅಂದರೆ ಅದನ್ನು "ಒರಿಜಿನಲ್" ಮಾಡಬೇಕು ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಶೋಕೇಸಿಗೆ ಇಡುವ ಸೈಕಲ್ಲಾದರೆ ಸರಿ. ಮನೆಯವರ ನೆನಪು ಅಂಟಿಕೊಂಡಿರುವ ಸೈಕಲ್ಲಿಗೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಇದನ್ನು ಯಾರಾದರೂ ಓಡಿಸುತ್ತಾರಾ? ಯಾವ ಗುರುತು ಹೋದರೆ ಇದು ನಿಮ್ಮ ಸೈಕಲ್ ಅಂತ ಅನ್ನಿಸುವುದಿಲ್ಲ? ಮೊದಲನೆಯದಕ್ಕೆ ಮೊಮ್ಮಗಳು "ನಾನು ಓಡಿಸ್ತೀನಿ, ದಿನಾ ಅಲ್ಲ, ಆಗಾಗ" ಅಂದಳು. ಎರಡನೆಯದಕ್ಕೆ ಉತ್ತರ ಅಷ್ಟು ಬೇಗ ಸಿಗಲಿಲ್ಲ.

ಮೊದಲ ತಪಾಸಣೆ

ಬಣ್ಣದ ಜಗಳ ಪಕ್ಕಕ್ಕಿಟ್ಟು ಸೈಕಲ್ಲನ್ನೇ ನೋಡೋಣ ಅಂದೆ. ಒಂದು ಸ್ಪ್ಯಾನರ್ ಹಾಕುವ ಮೊದಲೇ ಎಲ್ಲ ಕಡೆಯಿಂದ ಫೋಟೋ ತೆಗೆದೆ. ಯಾವ ವಾಷರ್ ಯಾವ ಕಡೆ ಇತ್ತು, ಬ್ರೇಕ್ ಕಂಬಿ ಯಾವ ತೂತಿನಿಂದ ಹಾದಿತ್ತು ಎಂಬುದೆಲ್ಲ ಬಿಚ್ಚಿದ ಮೇಲೆ ನೆನಪಿರುವುದಿಲ್ಲ.

ಅದು 28 ಇಂಚಿನ ದೊಡ್ಡ ಸೈಕಲ್. ಕೇಬಲ್ ಬದಲು ಕಂಬಿ ಬ್ರೇಕು, ಪೂರ್ತಿ ಮುಚ್ಚಿದ ಚೈನ್ ಕವರ್, ಚರ್ಮದ ಸೀಟು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಳೇ ಬ್ರಿಟಿಷ್ ಮಾದರಿಯ ಲೆಕ್ಕ ಅದು. ಮುಂದೆ ಕಂಪನಿಯ ಹೆಸರಿರುವ ಹೆಡ್ ಬ್ಯಾಡ್ಜ್ ಉದುರಿಹೋಗಿ ಬರೀ ತೂತು ಉಳಿದಿತ್ತು. ಹಿಂದಿನ ಹಬ್ಬು, ಅಂದರೆ ಚಕ್ರದ ನಡುವಿನ ಗುಂಬ, ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಎಡಬ್ಲ್ಯೂ (AW). 1936ರಲ್ಲಿ ಬಂದ ಈ ಮಾದರಿ ದಶಕಗಟ್ಟಲೆ ಹೆಚ್ಚೇನೂ ಬದಲಾಗದೆ ನಡೆಯಿತು. ಇದರ ಒಂದು ಅನುಕೂಲ ಏನಂದರೆ ಹಬ್ಬಿನ ಮೈಮೇಲೆ ವರ್ಷ ಮತ್ತು ತಿಂಗಳನ್ನು ಅಚ್ಚು ಹಾಕುತ್ತಿದ್ದರು. ಗ್ರೀಸಿನ ಪದರ ಒರೆಸಿದಾಗ 61 ಮತ್ತು 4 ಕಾಣಿಸಿತು, ಅಂದರೆ 1961ರ ಏಪ್ರಿಲ್. ದೊಡ್ಡಪ್ಪನ ಮುಖ ಅರಳಿತು. ಅವರು ಹೇಳುತ್ತಿದ್ದ ವರ್ಷಕ್ಕೆ ಅದು ಸರಿಹೊಂದಿತು. ಆದರೆ ಹಬ್ಬಿನ ತಾರೀಖು ಹಬ್ಬಿಗೆ ಮಾತ್ರ. ಚಕ್ರ ಬದಲಾಗಿದ್ದರೆ ಫ್ರೇಮಿನ ವಯಸ್ಸು ಬೇರೆಯೇ ಇರಬಹುದು. ಇಲ್ಲಿ ಮನೆಯವರ ನೆನಪು, ಹಬ್ಬಿನ ಅಚ್ಚು ಎರಡೂ ಒಂದೇ ಕಡೆ ಬೆರಳು ತೋರಿಸಿದ್ದರಿಂದ ನಂಬಿದೆ.

ಆಮೇಲೆ ನೋಡಿದ್ದು ಜೀವಕ್ಕೆ ಸಂಬಂಧಪಟ್ಟ ಜಾಗಗಳನ್ನು. ಮುಂದೆ ಗುದ್ದಿಸಿಕೊಂಡ ಸೈಕಲ್ಲಾದರೆ ಹ್ಯಾಂಡಲ್ ಕೂರುವ ಮುಂದಿನ ಪೈಪಿನ, ಅಂದರೆ ಹೆಡ್ ಟ್ಯೂಬಿನ ಹಿಂದೆ, ಮೇಲಿನ ಪೈಪು ಮತ್ತು ಕೆಳಗಿನ ಪೈಪಿನ ಅಡಿಯಲ್ಲಿ, ಬಣ್ಣ ಸುಕ್ಕುಗಟ್ಟಿರುತ್ತದೆ. ಬೆರಳು ಎಳೆದರೆ ಸಣ್ಣ ಉಬ್ಬು ಸಿಗುತ್ತದೆ. ಇಲ್ಲಿ ಇರಲಿಲ್ಲ. ಹಿಂದಿನ ಆಕ್ಸೆಲ್ ಕೂರುವ ಜಾಗದಿಂದ ದಾರ ಕಟ್ಟಿ, ಹೆಡ್ ಟ್ಯೂಬನ್ನು ಸುತ್ತಿಸಿ ಇನ್ನೊಂದು ಬದಿಗೆ ತಂದು ಬಿಗಿದೆ. ಸೀಟ್ ಟ್ಯೂಬಿಗೂ ದಾರಕ್ಕೂ ಇರುವ ಸಂದು ಎರಡೂ ಬದಿ ಒಂದೇ ಇದ್ದರೆ ಫ್ರೇಮ್ ನೇರವಾಗಿದೆ ಅಂತ ಅರ್ಥ. ಅದೂ ಸರಿಯಿತ್ತು. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಪೂರ್ತಿ ಹೊರಗೆ ತೆಗೆದು, ಅದರ ಕಾಂಡ ಎರಡು ಕಾಲುಗಳು ಕೂಡುವ ಕ್ರೌನಿಗೆ ಸೇರುವ ಕಡೆ ಒರೆಸಿ ಬಿರುಕು ಹುಡುಕಿದೆ. ಫೋರ್ಕ್ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ, ಕೈ ಊರಲೂ ಸಮಯ ಇರುವುದಿಲ್ಲ. ಹಾಗಾಗಿ ಎಷ್ಟೇ ನೆನಪಿನ ಸೈಕಲ್ಲಾದರೂ ಬಿರುಕು ಬಿಟ್ಟ ಫೋರ್ಕನ್ನು ನಾನು ವಾಪಸ್ ಹಾಕುವುದಿಲ್ಲ. ಇದು ಗಟ್ಟಿಯಾಗಿಯೇ ಇತ್ತು.

ಕೆಟ್ಟಿದ್ದವು ಎರಡು. ಹಿಂದಿನ ಮಡ್‌ಗಾರ್ಡ್ ತುಕ್ಕು ಹಿಡಿದು ಜರಡಿಯಾಗಿತ್ತು. ಸೀಟಿನ ಕೆಳಗೆ ಪೈಪುಗಳನ್ನು ಜೋಡಿಸುವ ತೋಳಿನ, ಅಂದರೆ ಸೀಟ್ ಲಗ್ಗಿನ ಅಂಚಿನಲ್ಲಿ ಹಸಿರು ಬಣ್ಣದ ಅಡಿಯಿಂದ ತುಕ್ಕು ಮೇಲೆ ಬರುತ್ತಿತ್ತು. ಎರಡನೆಯದನ್ನು ಗುರುತು ಹಾಕಿಕೊಂಡೆ. ಬಣ್ಣದ ತೀರ್ಮಾನಕ್ಕೂ ಅದಕ್ಕೂ ಸಂಬಂಧ ಇತ್ತು.

ಬಣ್ಣದ ವಿಚಾರಣೆ

ಅಡಿಯಲ್ಲಿ ಮರೂನ್ ಇನ್ನೂ ಇದೆಯಾ? ಲ್ಯಾಂಪ್ ಬ್ರಾಕೆಟ್ಟಿನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, ಹತ್ತಿಗೆ ಥಿನ್ನರ್ ಅದ್ದಿ ಮೆಲ್ಲಗೆ ಉಜ್ಜಿದೆ. ಹಸಿರು ಮೆತ್ತಗಾಗಿ ಹತ್ತಿಗೆ ಬಂತು. ಕೆಳಗಿನ ಮರೂನ್ ಅಲುಗಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಆಗಿನ ಕಾರ್ಖಾನೆಯ ಎನಾಮಲ್ಲನ್ನು ಒಲೆಯಲ್ಲಿ ಬಿಸಿ ಮಾಡಿ ಗಟ್ಟಿ ಮಾಡುತ್ತಿದ್ದರು. ಡಬ್ಬಿಯ ಪೇಂಟ್ ಸುಮ್ನೆ ಗಾಳಿಗೆ ಒಣಗಿದ್ದು. ಅಂದರೆ ತಾಳ್ಮೆ ಇದ್ದರೆ ಹಸಿರನ್ನು ಬಿಡಿಸಿ ಮರೂನನ್ನು ಹೊರಗೆ ತರಬಹುದಿತ್ತು. ಇದೇ ಕೆಲಸವನ್ನು ಕಷ್ಟ ಮಾಡಿದ್ದು. ಮರೂನ್ ಹಾಳಾಗಿಹೋಗಿದ್ದರೆ ವಾದವೇ ಇರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆ ಕಾಲದ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮರಳು ಕಾಗದ ತಗೊಂಡು ನೀರು ಹಾಕದೆ ಒಣಗಿದ್ದನ್ನೇ ಉಜ್ಜುವವರನ್ನು ನೋಡಿದ್ದೇನೆ. ಆ ಧೂಳು ಉಸಿರಲ್ಲಿ ಹೋಗುತ್ತದೆ, ಬಟ್ಟೆಗೆ ಅಂಟಿಕೊಂಡು ಮಕ್ಕಳಿರುವ ಮನೆಯೊಳಗೂ ಹೋಗುತ್ತದೆ. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಬೇಕು, ಸರಿಯಾದ ಮಾಸ್ಕ್ ಹಾಕಿಕೊಳ್ಳಬೇಕು, ಕೊಳೆ ಒರೆಸಿದ ಬಟ್ಟೆಯನ್ನು ಎಸೆಯಬೇಕು.

ಒರೆಸುತ್ತಾ ಹೋದಾಗ ಮೇಲಿನ ಪೈಪಿನ ಮೇಲೆ ಒಂದು ವಿಚಿತ್ರ ಸಿಕ್ಕಿತು. ಸುಮಾರು ಎರಡು ಬೆರಳಗಲದ ಒಂದು ಪಟ್ಟಿಯಲ್ಲಿ ಹಸಿರೇ ಇಲ್ಲ, ಶುದ್ಧ ಮರೂನ್. ಅದರ ಅಂಚಿನಲ್ಲಿ ಹಸಿರು ಪೇಂಟ್ ದಪ್ಪವಾಗಿ ನಿಂತಿದೆ. ಅಲ್ಲಿ ಏನೋ ಕ್ಲ್ಯಾಂಪ್ ಇತ್ತು, ಅದನ್ನು ಬಿಚ್ಚದೇ ಸುತ್ತಲೂ ಪೇಂಟ್ ಬಳಿದಿದ್ದಾರೆ. ಏನಿರಬಹುದು ಅಂತ ಕೇಳಿದೆ. ದೊಡ್ಡಪ್ಪ ಬಗ್ಗಿ ನೋಡಿ ತಕ್ಷಣ ಹೇಳಿದರು: "ಪುಟ್ಟ ಸೀಟು. ಇವಳ ಅಪ್ಪ ಕೂತ್ಕೊಳ್ತಿದ್ದ." ತಮ್ಮ ಚಿಕ್ಕವನಿದ್ದಾಗ ಅಜ್ಜ ಅವನನ್ನು ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಮೊಮ್ಮಗಳಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅವಳ ಅಪ್ಪನ ಗುರುತು ಮರೂನಿನಲ್ಲಿದೆ, ಆ ಗುರುತನ್ನು ಉಳಿಸಿದ್ದು ಹಸಿರು. ಒಂದನ್ನು ತೆಗೆದರೆ ಇನ್ನೊಂದು ಬರೀ ಬಣ್ಣವಾಗಿಬಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರು. ಹಸಿರು ಇರಲಿ ಅಂದೆ. ಕಾರಣ ಸರಳ. ಹಸಿರನ್ನು ಬಿಟ್ಟರೆ ಎರಡು ಬಣ್ಣವೂ ಉಳಿಯುತ್ತವೆ, ಮರೂನ್ ಅಡಿಯಲ್ಲಿ ಭದ್ರವಾಗಿರುತ್ತದೆ. ಹಸಿರನ್ನು ತೆಗೆದರೆ ಅಜ್ಜನ ಕೈಕೆಲಸ ಮತ್ತೆ ಬರುವುದಿಲ್ಲ. ಮುಂದೆ ಯಾವತ್ತಾದರೂ ಮನಸ್ಸು ಬದಲಾದರೆ ಹಸಿರನ್ನು ಆಗ ತೆಗೆಯಬಹುದು.

"ಮುಂದೆ ಅಂದ್ರೆ ಯಾವಾಗ?" ಅಂದರು ದೊಡ್ಡಪ್ಪ. "ನಾನು ಇರೋವಾಗ ನೋಡ್ಬೇಕಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಿದ್ದಲಾಗದ ಕೆಲಸವನ್ನು ಮುಂದೂಡಬೇಕು ಎಂಬ ನಿಯಮ ವಸ್ತುವಿಗೆ ಒಳ್ಳೆಯದು. ಕಾಯುವವರ ವಯಸ್ಸನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ದಾರಿ ತೋರಿಸಿದ್ದು ಮೊಮ್ಮಗಳು. ಹಿಂದಿನ ಮಡ್‌ಗಾರ್ಡ್ ಹೇಗೂ ಹೊಸದಾಗಬೇಕು. ಅದರ ಮೇಲೆ ಅಜ್ಜನ ಬ್ರಶ್ಶು ಓಡಿಲ್ಲ. ಅದು ಮರೂನ್ ಆಗಲಿ, ಚಿನ್ನದ ಗೆರೆಯೂ ಬರಲಿ, ಬೇಡವಾದರೆ ಬೋಲ್ಟ್ ಬಿಚ್ಚಿದರೆ ಆಯಿತು. ಬಣ್ಣದ ಛಾಯೆಗೆ ಆ ಪುಟ್ಟ ಸೀಟಿನ ಪಟ್ಟಿಯನ್ನೇ ಮಾದರಿಯಾಗಿ ಇಟ್ಟುಕೊಂಡೆವು. ಹಸಿರು ಸೈಕಲ್ಲಿಗೆ ಮರೂನ್ ಮಡ್‌ಗಾರ್ಡ್ ನೋಡಲು ಚೆನ್ನಾಗಿದೆಯಾ ಅಂತ ಕೇಳಿದರೆ, ಇಲ್ಲ. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಆದರೆ ಸೈಕಲ್ ನನ್ನದಲ್ಲವಲ್ಲ.

ಉಳಿದ ಹಸಿರಿಗೆ ಮಾಡಿದ್ದು ಕಡಿಮೆ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮೇಣ ಹಚ್ಚಿದ್ದು ಅಷ್ಟೇ. ಮೇಲೆ ಕ್ಲಿಯರ್ ಲ್ಯಾಕರ್ ಹೊಡೆಸಿ ಅಂತ ಬಹಳ ಜನ ಸಲಹೆ ಕೊಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕೆಳಗೆ ಉಳಿದ ತುಕ್ಕು ಲ್ಯಾಕರಿನ ಅಡಿಯಲ್ಲೇ ಹರಡುತ್ತದೆ, ಆಮೇಲೆ ಲ್ಯಾಕರ್ ತೆಗೆಯಲು ಹೋದರೆ ಹಸಿರೂ ಜೊತೆಗೆ ಬರುತ್ತದೆ. ಮೇಣವಾದರೆ ಒರೆಸಿ ಮತ್ತೆ ಹಚ್ಚಬಹುದು.

ಕಾಟರ್ ಪಿನ್ನು

ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಇದು. ಹಳೇ ಸೈಕಲ್ಲಿನ ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂರುವ ತೋಳನ್ನು, ಆಕ್ಸೆಲ್ಲಿಗೆ ಬಿಗಿಯುವುದು ಕಾಟರ್ ಪಿನ್. ಒಂದು ಮಗ್ಗುಲು ಇಳಿಜಾರಾಗಿ ಚಪ್ಪಟೆಯಾಗಿರುವ ಸಣ್ಣ ಉಕ್ಕಿನ ಕಡ್ಡಿ ಅದು. ಬ್ರಿಟಿಷ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 9.5 ಮಿಲಿಮೀಟರ್ ದಪ್ಪ. ವರ್ಷಗಟ್ಟಲೆ ನಿಂತ ಸೈಕಲ್ಲಿನಲ್ಲಿ ತುಕ್ಕು ಹಿಡಿದು ಕ್ರ್ಯಾಂಕಿಗೆ ಕಚ್ಚಿಕೊಂಡಿರುತ್ತದೆ. ನಟ್ ಬಿಚ್ಚಿ ಸುತ್ತಿಗೆಯಲ್ಲಿ ಬಡಿಯುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಬಡಿದರೆ ಎರಡು ಅನಾಹುತ. ಪಿನ್ನಿನ ತುದಿ ಚಪ್ಪಟೆಯಾಗಿ ಅಗಲವಾದರೆ ತೂತಿನಿಂದ ಹೊರಗೇ ಬರುವುದಿಲ್ಲ, ಆಗ ಡ್ರಿಲ್ ಹಾಕಿಯೇ ತೆಗೆಯಬೇಕು. ಕ್ರ್ಯಾಂಕಿನ ಅಡಿಗೆ ಆಸರೆ ಇಲ್ಲದಿದ್ದರೆ ಏಟೆಲ್ಲ ಬೇರಿಂಗಿನ ಬಾಲುಗಳ ಮೂಲಕ ಅವು ಕೂರುವ ಬಟ್ಟಲಿಗೆ, ಅಂದರೆ ಕಪ್ಪಿಗೆ (cup) ಹೋಗಿ, ಕಪ್ಪಿನ ನುಣುಪು ಮೈಮೇಲೆ ಗುಳಿ ಬೀಳುತ್ತದೆ. ಆಮೇಲೆ ಎಷ್ಟು ಗ್ರೀಸ್ ಹಾಕಿದರೂ ಪೆಡಲ್ ಕಟಕಟ ಅನ್ನುತ್ತದೆ.

ಮೊದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹಾಗೇ ಬಿಟ್ಟೆ. ಮರುದಿನ ಮತ್ತೆ ಬಿಟ್ಟೆ. ನಟ್ಟನ್ನು ಪೂರ್ತಿ ಬಿಚ್ಚದೇ ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿದೆ, ಥ್ರೆಡ್ ಉಳಿಯಲಿ ಅಂತ. ಆಮೇಲೆ ಪಿನ್ ಒತ್ತುವ ಕ್ಲ್ಯಾಂಪ್ ಹಾಕಿ ನಿಧಾನವಾಗಿ ಬಿಗಿದೆ. ಬಲ ಬದಿಯದು ಟಪ್ ಅಂತ ಸದ್ದು ಮಾಡಿ ಹೊರಗೆ ಬಂತು. ಎಡ ಬದಿಯದು ಬರಲಿಲ್ಲ. ಕ್ರ್ಯಾಂಕಿನ ಅಡಿಗೆ ದಪ್ಪ ಕಬ್ಬಿಣದ ಪೈಪನ್ನು ನೆಲದಿಂದ ಆಸರೆ ಕೊಟ್ಟು, ಕ್ಲ್ಯಾಂಪಿನ ಒತ್ತಡ ಹಾಗೇ ಇಟ್ಟು, ಕ್ರ್ಯಾಂಕಿನ ಮೈಗೆ ಸಣ್ಣ ಏಟು ಕೊಟ್ಟೆ. ಅದೂ ಸಡಿಲವಾಯಿತು. ಬಿಸಿ ಮಾಡಿದ್ದರೆ ಬೇಗ ಬರುತ್ತಿತ್ತು, ಆದರೆ ಪಕ್ಕದ ಹಸಿರು ಬಣ್ಣ ಸುಟ್ಟುಹೋಗುತ್ತಿತ್ತು. ಬಣ್ಣ ಉಳಿಸುವ ತೀರ್ಮಾನವನ್ನು ಮೊದಲೇ ಮಾಡಿಕೊಳ್ಳಬೇಕು ಅನ್ನುವುದು ಇದಕ್ಕೇ. ಯಾವ ಉಪಕರಣ ಹಿಡಿಯಬೇಕು ಎಂಬುದೂ ಅದರ ಮೇಲೇ ನಿಂತಿರುತ್ತದೆ.

ಒಳಗಿನ ಕಪ್ಪುಗಳು ಅದೃಷ್ಟಕ್ಕೆ ಚೆನ್ನಾಗಿದ್ದವು. ಅದೃಷ್ಟ ಅಂತ ಯಾಕೆ ಹೇಳುತ್ತೇನೆ ಅಂದರೆ, ಥ್ರೆಡ್ ಗೇಜ್ ಇಟ್ಟಾಗ ಇಂಚಿಗೆ 26 ಸುತ್ತು ಬಂತು. ಬ್ರಿಟಿಷ್ ಮಾದರಿಯಲ್ಲಿ ಎಲ್ಲ ಕಡೆ ಸಿಗುವುದು 24. ಇಂಚಿಗೆ 26 ಸುತ್ತು ಹಾಕುತ್ತಿದ್ದದ್ದು ಇಂಗ್ಲೆಂಡಿನ ರ‍್ಯಾಲಿ ಕಾರ್ಖಾನೆಯವರು. ಬ್ಯಾಡ್ಜ್ ಇಲ್ಲದ ಸೈಕಲ್ಲಿಗೆ ಇದೊಂದು ಒಳ್ಳೆಯ ಸುಳಿವು. ದೊಡ್ಡಪ್ಪನೂ ರ‍್ಯಾಲಿ ಅಂತಲೇ ಹೇಳುತ್ತಿದ್ದರು. ಇದು ಗೊತ್ತಿಲ್ಲದೆ 24 ಸುತ್ತಿನ ಹೊಸ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಬಲ ಬದಿಯ ಕಪ್ಪು ಉಲ್ಟಾ ಥ್ರೆಡ್ಡಿನದು, ಎಡ ಪೆಡಲ್ಲೂ ಹಾಗೇ. ಬಿಚ್ಚುವ ಅಂತ ಬಿಗಿಯುತ್ತಾ ಕೂರಬಾರದು. ಕಪ್ಪನ್ನು ಅಲ್ಲೇ ಬಿಟ್ಟು ಒರೆಸಿ, ಕಾಲಿಂಚಿನ ಹೊಸ ಬಾಲು ಮತ್ತು ಗ್ರೀಸು ಹಾಕಿದೆ. ಬಾಲು ಸಿಗುವ ಸಾಮಾನು, ಅದರ ಮೇಲೆ ಯಾರ ನೆನಪೂ ಇರುವುದಿಲ್ಲ.

ಹೊಸ ಪಿನ್ನುಗಳ ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಹೊಂದಿಸಿದೆ. ಎರಡೂ ಪಿನ್ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೂರಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ಬರುವುದಿಲ್ಲ.

ಮಿಕ್ಕ ಸಾಮಾನು

ಎಡಬ್ಲ್ಯೂ ಹಬ್ಬನ್ನು ಬಿಚ್ಚಲೇ ಇಲ್ಲ. ಒಳಗೆ ಹಳೇ ಎಣ್ಣೆ ಅಂಟಾಗಿ ಗೇರ್ ಬೀಳುತ್ತಿರಲಿಲ್ಲ ಅಷ್ಟೇ. ಎಣ್ಣೆ ಬಿಡುವ ತೂತಿನಿಂದ ಸೀಮೆಎಣ್ಣೆ ಹಾಕಿ ತಿರುಗಿಸಿ, ಇಳಿಸಿ, ತೆಳುವಾದ ಮೆಷಿನ್ ಎಣ್ಣೆ ಬಿಟ್ಟೆ. ಕೆಲಸ ಮಾಡುವ ಹಬ್ಬನ್ನು ಕುತೂಹಲಕ್ಕೆ ಬಿಚ್ಚಬಾರದು. ಗೇರಿನ ಕೇಬಲ್ ಹೊಂದಾಣಿಕೆ ಮಾತ್ರ ಬಹಳ ಮುಖ್ಯ. ನಡುವಿನ ಗೇರಿನಲ್ಲಿದ್ದಾಗ ಬಲ ಬದಿಯ ನಟ್ಟಿನ ಕಿಂಡಿಯಿಂದ ನೋಡಿದರೆ, ಒಳಗಿನ ಕಡ್ಡಿಯ ಭುಜ ಆಕ್ಸೆಲ್ಲಿನ ತುದಿಗೆ ಸಮನಾಗಿರಬೇಕು. ತಪ್ಪಿದರೆ ಎರಡು ಮತ್ತು ಮೂರನೇ ಗೇರಿನ ನಡುವೆ ಪೆಡಲ್ ಖಾಲಿ ತಿರುಗಿಬಿಡುತ್ತದೆ. ನಿಂತು ತುಳಿಯುವಾಗ ಹೀಗಾದರೆ ಬೀಳುವುದು ಖಂಡಿತ.

ಟೈರು ಟ್ಯೂಬು ಹೊಸದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಕೊಳ್ಳುವಾಗ ಮಾತ್ರ ಬರೀ 28 ಅಂತ ನೋಡಬಾರದು. 28 ಅಂತ ಬರೆದ ಟೈರುಗಳಲ್ಲಿ 622, 635, 642 ಮಿಲಿಮೀಟರ್ ಎಲ್ಲವೂ ಇವೆ. 28 × 1½ ಅಂದರೆ 635. ಟೈರಿನ ಬದಿಯಲ್ಲಿ ಆ ಸಂಖ್ಯೆ ಇರಬೇಕು.

ಕಂಬಿ ಬ್ರೇಕಿನ ರಬ್ಬರ್ ರಿಮ್ಮಿನ ಬದಿಗೆ ಒತ್ತುವುದಿಲ್ಲ, ಹಬ್ಬಿನ ಕಡೆಗಿರುವ ಒಳಮೈಗೆ ಒತ್ತುತ್ತದೆ. ಅದಕ್ಕೇ ಇಲ್ಲಿ ಚಕ್ರದ ಆಚೀಚೆ ಓಲಾಟಕ್ಕಿಂತ ಮೇಲೆ ಕೆಳಗೆ ಕುಣಿಯುವುದನ್ನು ಸರಿಪಡಿಸುವುದು ಮುಖ್ಯ. ಕಡ್ಡಿ ಬಿಗಿದು ಸಡಿಲಿಸಿ ಅದನ್ನು ಮಾಡಿದೆ. ಆದರೂ ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಇದು ರಿಪೇರಿಯಿಂದ ಸರಿಹೋಗುವ ದೋಷ ಅಲ್ಲ. ಮಳೆಯಲ್ಲಿ ಓಡಿಸಬೇಡ ಅಂತ ಮೊಮ್ಮಗಳಿಗೆ ಸ್ಪಷ್ಟವಾಗಿ ಹೇಳಿದೆ.

ಹ್ಯಾಂಡಲ್ ಮೇಲಿನ ತುಕ್ಕಿಗೆ ನೀರು ಮತ್ತು ಅಲ್ಯೂಮಿನಿಯಂ ಫಾಯಿಲ್ ಸಾಕು. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ನಟ್ಟು ಬೋಲ್ಟುಗಳನ್ನು ಆಕ್ಸಾಲಿಕ್ ಆಸಿಡ್ಡಿನ ತೆಳು ದ್ರಾವಣದಲ್ಲಿ ನೆನೆಸಿ, ಸೋಡಾ ನೀರಿನಲ್ಲಿ ತೊಳೆದೆ. ಅದು ವಿಷ, ಕೈಗವಸು ಬೇಕೇ ಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಬಳಸುವವರಿದ್ದಾರೆ. ಅದು ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ, ಸೀಟಿನ ಸ್ಪ್ರಿಂಗಿನಂಥ ಗಡಸು ಉಕ್ಕನ್ನು ಪೆಡಸು ಮಾಡಿ ಮುರಿಯುವ ಹಾಗೆ ಮಾಡುತ್ತದೆ.

ಸೀಟಿನ ವಿಷಯದಲ್ಲಿ ಇಬ್ಬರದೂ ಒಂದೇ ಮಾತು, ಬದಲಾಯಿಸಬೇಡಿ ಅಂತ. ಚರ್ಮ ಅಜ್ಜ ಕೂತ ಆಕಾರಕ್ಕೆ ಇಳಿದಿದೆ, ಒಂದು ಬದಿಗೆ ಸ್ವಲ್ಪ ಜಾಸ್ತಿ. ಆದರೆ ಮುಂದಿನ ರಿವೆಟ್ಟುಗಳ ಸುತ್ತ ಚರ್ಮ ಹರಿಯುತ್ತಿತ್ತು. ಕೂತರೆ ಒಂದು ದಿನ ಬಿಟ್ಟುಕೊಳ್ಳುವುದು ಗ್ಯಾರಂಟಿ. ಎಣ್ಣೆ ಕುಡಿಸಿ ಮೆತ್ತಗೆ ಮಾಡಿದರೆ ಇನ್ನೂ ಜೋಲುತ್ತದೆ. ಓಡಿಸಲು ಬೇರೆ ಸೀಟು ಹಾಕಿ, ಹಳೆಯದನ್ನು ಅದರ ಕ್ಲಿಪ್ಪಿನ ಸಮೇತ ಬಿಚ್ಚಿಕೊಟ್ಟೆ. ನಿಲ್ಲಿಸಿಡುವಾಗ ಮತ್ತೆ ಹಾಕಿಕೊಳ್ಳಬಹುದು. ತೆಗೆದ ಸಾಮಾನೆಲ್ಲ, ಜರಡಿಯಾದ ಮಡ್‌ಗಾರ್ಡಿನ ತುಂಡೂ ಸೇರಿ, ಚೀಟಿ ಅಂಟಿಸಿ ಒಂದು ಡಬ್ಬದಲ್ಲಿ ಹಾಕಿ ಅವರಿಗೇ ಕೊಟ್ಟೆ.

ಸೈಕಲ್ ಹೋದ ಮೇಲೆ

ಹೊಸ ಕಾಟರ್ ಪಿನ್ ಸ್ವಲ್ಪ ಓಡಿಸಿದ ಮೇಲೆ ಒಳಗೆ ಕೂರುತ್ತದೆ, ನಟ್ ಸಡಿಲವಾಗುತ್ತದೆ. ಹಾಗಾಗಿ ಬೇಗನೇ ಒಮ್ಮೆ ವಾಪಸ್ ತರಲು ಹೇಳಿದ್ದೆ. ತಂದಾಗ ಎಡ ಬದಿಯದು ನಿರೀಕ್ಷೆಯಂತೆ ಸಡಿಲವಾಗಿತ್ತು, ಬಿಗಿದೆ. ಹಿಂದಿನ ಚಕ್ರದ ಕೆಲವು ಕಡ್ಡಿಗಳಿಗೂ ಕೀ ಹಾಕಬೇಕಾಯಿತು. ದೊಡ್ಡಪ್ಪ ಮರೂನ್ ಮಡ್‌ಗಾರ್ಡನ್ನು ಒರೆಸುತ್ತಾ, ಗೆರೆ ಮೊದಲು ಇದಕ್ಕಿಂತ ಸಣ್ಣದಿತ್ತು ಅಂದರು. ಇದ್ದಿರಬಹುದು. ಗೆರೆಯ ಅಳತೆಗೆ ನಮ್ಮ ಹತ್ತಿರ ಇದ್ದದ್ದು ಅವರ ನೆನಪೊಂದೇ.

ಸೀಟ್ ಲಗ್ಗಿನ ತುಕ್ಕು ಮಾತ್ರ ಬಾಕಿ ಇದೆ. ಸಡಿಲವಾದ ಚಕ್ಕೆ ತೆಗೆದು, ಎಣ್ಣೆ ಒರೆಸಿ ಮೇಣ ತುಂಬಿದ್ದೇನೆ, ಅದು ತಾತ್ಕಾಲಿಕ. ವರ್ಷಕ್ಕೊಮ್ಮೆ ಅದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಹೋಲಿಸಬೇಕು. ತುಕ್ಕು ಲಗ್ಗಿನ ಅಂಚು ದಾಟಿ ಪೈಪಿಗೆ ಹೋದರೆ ಅಲ್ಲಿಯ ಬಣ್ಣ ತೆಗೆಯಲೇಬೇಕಾಗುತ್ತದೆ. ಆಗ ಆ ಜಾಗಕ್ಕೆ ಯಾವ ಬಣ್ಣ? ಇದನ್ನು ಈಗಲೇ ಬರೆದಿಟ್ಟುಕೊಳ್ಳಿ ಅಂತ ಒಂದು ಹಾಳೆ ಕೊಟ್ಟೆ. ದೊಡ್ಡಪ್ಪ "ಮರೂನ್" ಅಂತ ಬರೆದು ಅಲ್ಲೇ ಸಹಿ ಹಾಕಿದರು. ಮೊಮ್ಮಗಳು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅವಳ ಸಹಿ ಇನ್ನೂ ಆಗಿಲ್ಲ.